ಫೈರ್‌ವಾಲ್ ಇತ್ತು, ಆದ್ರೆ ಆಫ್ ಆಗಿತ್ತು

2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಅನ್ನೋ ವರ್ಮ್ (ನೆಟ್‌ವರ್ಕ್ ಮೂಲಕ ತಾನಾಗೇ ಹರಡೋ ಹಾನಿಕರ ಪ್ರೋಗ್ರಾಮ್) ಹರಡಿದಾಗ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರ್ ಸುಮ್ನೆ ಇಂಟರ್ನೆಟ್‌ಗೆ ಕನೆಕ್ಟ್ ಆಗಿದ್ರೆ ಸಾಕಿತ್ತು, ಸ್ಕ್ರೀನ್ ಮೇಲೆ 60 ಸೆಕೆಂಡ್ ಕೌಂಟ್‌ಡೌನ್ ಬಂದು ರೀಸ್ಟಾರ್ಟ್ ಆಗೋದು. ಯಾವ ಫೈಲೂ ಓಪನ್ ಮಾಡಿರ್ಬೇಕಾಗಿರ್ಲಿಲ್ಲ, ಯಾವ ಲಿಂಕೂ ಒತ್ತಿರ್ಬೇಕಾಗಿರ್ಲಿಲ್ಲ. ತಪ್ಪನ್ನ ಸರಿಮಾಡೋ ಪ್ಯಾಚ್ ಜುಲೈನಲ್ಲೇ ಬಂದಿತ್ತು, ಹೊರಗಿಂದ ಬರೋ ಬೇಡದ ಕನೆಕ್ಷನ್‌ಗಳನ್ನ ತಡೆಯೋ ಫೈರ್‌ವಾಲ್ ಎಕ್ಸ್‌ಪಿ ಒಳಗಡೆ 2001ರಿಂದಾನೂ ಇತ್ತು, ಆದ್ರೆ ಅದನ್ನ ನಾವೇ ಹುಡುಕಿ ಆನ್ ಮಾಡ್ಕೋಬೇಕಿತ್ತು. ಎಷ್ಟು ಜನ ಮಾಡ್ಕೊಂಡಿರ್ತಾರೆ ಹೇಳಿ?

ತಪ್ಪು ಇದ್ದಿದ್ದು ಬೇರೆ ಕಂಪ್ಯೂಟರ್‌ಗಳಿಂದ ಬರೋ ಕೋರಿಕೆಗಳನ್ನ ತಗೊಳ್ಳೋ ಆರ್‌ಪಿಸಿ ಅನ್ನೋ ವಿಂಡೋಸ್ ಸರ್ವಿಸ್‌ನಲ್ಲಿ. ಹೊರಗಿಂದ ಬಂದ ಡೇಟಾ ಎಷ್ಟು ಉದ್ದ ಇದೆ ಅಂತ ಚೆಕ್ ಮಾಡ್ದೆ ಮೆಮೊರಿಲಿ ಒಂದು ಸಣ್ಣ ಜಾಗಕ್ಕೆ ಕಾಪಿ ಮಾಡ್ತಿತ್ತು, ಅದು ತುಂಬಿ ಪಕ್ಕಕ್ಕೆ ಹರೀತಿತ್ತು, ಆ ಪಕ್ಕದಲ್ಲೇ ಫಂಕ್ಷನ್ (ಪ್ರೋಗ್ರಾಮಿನ ಒಂದು ಸಣ್ಣ ಭಾಗ) ಮುಗಿದ್ಮೇಲೆ ಎಲ್ಲಿಗೆ ವಾಪಸ್ ಹೋಗ್ಬೇಕು ಅನ್ನೋ ಅಡ್ರೆಸ್ ಇರುತ್ತಲ್ಲ, ಅದನ್ನೇ ಬದಲಾಯಿಸಿಬಿಟ್ರೆ ಕಂಪ್ಯೂಟರ್ ವರ್ಮ್ ಹೇಳಿದ ಕಡೆ ಹೋಗುತ್ತೆ.

ನನಗೆ ತುಂಬಾ ಮುಖ್ಯ ಅನ್ಸೋದು ಇಲ್ಲಿ. ಇದೇ ತಪ್ಪು ವಿಂಡೋಸ್ ಸರ್ವರ್ 2003ರಲ್ಲೂ ಇತ್ತು, ಆದ್ರೆ ಬ್ಲಾಸ್ಟರ್ ಅಲ್ಲಿ ಒಳಗೆ ಹೋಗ್ಲಿಲ್ಲ. ಯಾಕಂದ್ರೆ ಅದನ್ನ ಕಂಪೈಲ್ ಮಾಡುವಾಗ, ಅಂದ್ರೆ ಬರೆದ ಕೋಡನ್ನ ಕಂಪ್ಯೂಟರ್ ಓಡಿಸೋ ರೂಪಕ್ಕೆ ತರುವಾಗ, ಜಿಎಸ್ ಅನ್ನೋ ಆಪ್ಷನ್ ಹಾಕಿದ್ರು. ಕಂಪೈಲರ್ ತಾನೇ ಆ ಅಡ್ರೆಸ್ ಮುಂದೆ ಊಹಿಸೋಕಾಗದ ಒಂದು ನಂಬರ್ ಇಡುತ್ತೆ, ಫಂಕ್ಷನ್ ಮುಗಿಯೋ ಮುಂಚೆ ನಂಬರ್ ಹಾಗೇ ಇದ್ಯಾ ನೋಡುತ್ತೆ, ಬದಲಾಗಿದ್ರೆ ಪ್ರೋಗ್ರಾಮನ್ನೇ ನಿಲ್ಲಿಸಿಬಿಡುತ್ತೆ. ಸರ್ವಿಸ್ ನಿಂತ್ರೆ ತೊಂದ್ರೇನೇ, ಆದ್ರೆ ಕಂಪ್ಯೂಟರೇ ಬೇರೆಯವ್ರ ಕೈಗೆ ಹೋಗೋದಕ್ಕಿಂತ ಎಷ್ಟೋ ವಾಸಿ. ಪ್ರೋಗ್ರಾಮರ್ ತಪ್ಪು ಮಾಡಿದ್ರೂ ಬಳಸೋರು ಉಳ್ಕೊಂಡ್ರು, ಅವರು ಏನೂ ಮಾಡ್ದೇನೇ.

2004ರ ಆಗಸ್ಟ್‌ನಲ್ಲಿ ಎಕ್ಸ್‌ಪಿ ಸರ್ವಿಸ್ ಪ್ಯಾಕ್ 2 ಅನ್ನೋ ದೊಡ್ಡ ಅಪ್‌ಡೇಟ್ ಬಂತು, ಫೈರ್‌ವಾಲ್ ಮೊದಲಿಂದ್ಲೇ ಆನ್, ಡೇಟಾ ಇರೋ ಮೆಮೊರಿಲಿ ಕೋಡ್ ಓಡದ ಹಾಗೆ ತಡೆಯೋ ಡಿಇಪಿನೂ ಬಂತು. ಕೆಲವು ಹಳೇ ಸಾಫ್ಟ್‌ವೇರ್‌ಗಳು ಕೆಟ್ಟವು, ಆದ್ರೂ ಆ ನಿರ್ಧಾರ ಸರಿ ಅಂತಾನೇ ನನ್ನ ಅಭಿಪ್ರಾಯ.

ಎಕ್ಸ್‌ಪಿ ನಂತರದ ವಿಂಡೋಸ್ ವಿಸ್ಟಾದಲ್ಲಿ ಬಂದ ಯುಎಸಿ (ಮುಖ್ಯ ಬದಲಾವಣೆಗೆ ಮುಂಚೆ ಅನುಮತಿ ಕೇಳೋ ವ್ಯವಸ್ಥೆ) ಮಾತ್ರ ಭಾರ ಮತ್ತೆ ಜನರ ಮೇಲೆ ಹಾಕ್ತು. ಅಡ್ಮಿನ್ ಪರ್ಮಿಷನ್ (ಇಡೀ ಕಂಪ್ಯೂಟರನ್ನೇ ಬದಲಾಯಿಸೋ ಅಧಿಕಾರ) ಕೊಡ್ಲಾ ಅಂತ ಪದೇ ಪದೇ ಕೇಳಿದ್ರೆ ಯಾರಾದ್ರೂ ಓದದೇ ಒತ್ತೇ ಒತ್ತುತ್ತಾರೆ. 2009ರ ವಿಂಡೋಸ್ 7ರಲ್ಲಿ ಕೇಳೋದನ್ನ ಕಡಿಮೆ ಮಾಡಿದ್ರು, ಆದ್ರೆ ಮೈಕ್ರೋಸಾಫ್ಟ್ ಒಬ್ರಿಂದ ಆಗೋ ಕೆಲ್ಸ ಅಲ್ಲ ಇದು. ಯೂಸರ್ ಫೋಲ್ಡರ್‌ನಲ್ಲೇ ಆರಾಮಾಗಿ ಇನ್‌ಸ್ಟಾಲ್ ಆಗ್ಬಹುದಾದ ಸಣ್ಣ ಸಾಫ್ಟ್‌ವೇರ್‌ಗೂ ಅಡ್ಮಿನ್ ಪರ್ಮಿಷನ್ ಕೇಳೋ ಡೆವಲಪರ್‌ಗಳು ಇವತ್ತಿಗೂ ಇದಾರೆ, ದಯವಿಟ್ಟು ಅದನ್ನ ತೆಗೀರಿ.