ಕೊಮ್ಮೇದಿಯಾ ಅಲ್ಲಿತಾಲಿಯಾನಾ: ಇಟಲಿಯಲ್ಲಿ ನಕ್ಕಿದ್ದೆಲ್ಲ ಇದಲ್ಲ

ಇಟಲಿಯ ನಿರ್ದೇಶಕ ಬೆನಿನ್ಯಿಯ ‘ಲೈಫ್ ಈಸ್ ಬ್ಯೂಟಿಫುಲ್’ ಬಗ್ಗೆ ಬರೆದರೂ ‘ಕೊಮ್ಮೇದಿಯಾ ಅಲ್ಲಿತಾಲಿಯಾನಾ’, ಅಂದರೆ ‘ಇಟಲಿ ಶೈಲಿಯ ಹಾಸ್ಯ’ ಅನ್ನುತ್ತಾರೆ; ಬಡ್ ಸ್ಪೆನ್ಸರ್–ಟೆರೆನ್ಸ್ ಹಿಲ್ ಜೋಡಿಯ ಗುದ್ದಾಟದ ಚಿತ್ರಗಳಿಗೂ ಅದೇ ಹಣೆಪಟ್ಟಿ. ಸಾಲದ್ದಕ್ಕೆ ಕೆಲವರು ಇದನ್ನು ‘ಕೊಮ್ಮೇದಿಯಾ ದೆಲ್ಲಾರ್ತೆ’ಗೂ ಗಂಟುಹಾಕುತ್ತಾರೆ. ಅದು 16ನೇ ಶತಮಾನದಲ್ಲಿ ಹುಟ್ಟಿದ ಮುಖವಾಡದ ನಾಟಕ. ಇದು 1958ರ ಆಸುಪಾಸಿನಲ್ಲಿ ಶುರುವಾಗಿ ಸುಮಾರು ಎರಡು ದಶಕ ನಡೆದ ಸಿನಿಮಾ. ಹಳೆಯ ಮುಖವಾಡಗಳ ನೆರಳು ಹುಡುಕುವವರು ಹುಡುಕಿಕೊಳ್ಳಲಿ, ಎರಡನ್ನೂ ಒಂದೇ ಅನ್ನುವುದು ಬೇಡ.

ಹೆಸರು ಬಂದದ್ದು ನಿರ್ದೇಶಕ ಪಿಯೆತ್ರೊ ಜೆರ್ಮಿಯ 1961ರ ಚಿತ್ರ ‘ದಿವೋರ್ತ್ಸಿಯೊ ಅಲ್ಲಿತಾಲಿಯಾನಾ’ದಿಂದ, ಅಂದರೆ ‘ಇಟಲಿ ಶೈಲಿಯ ವಿಚ್ಛೇದನ’. ತಮಾಷೆಯೆಂದರೆ ಆಗ ಇಟಲಿಯಲ್ಲಿ ವಿಚ್ಛೇದನವೇ ಇರಲಿಲ್ಲ. ಆ ಕಾನೂನು ಬಂದದ್ದು 1970ರಲ್ಲಿ. ಆದರೆ ದಂಡಸಂಹಿತೆಯ 587ನೇ ವಿಧಿ ಇತ್ತು. ಹೆಂಡತಿಯ ಅಕ್ರಮ ಸಂಬಂಧ ಕಣ್ಣಿಗೆ ಬಿದ್ದ ಸಿಟ್ಟಿನಲ್ಲಿ, ಮಾನ ಹೋಯಿತೆಂದು ಗಂಡ ಅವಳನ್ನು ಕೊಂದರೆ 3ರಿಂದ 7 ವರ್ಷ ಜೈಲು, ಅಷ್ಟೆ. ನಟ ಮಾಸ್ತ್ರೊಯಾನಿ ಆಡಿದ ಸಿಸಿಲಿಯ ಬ್ಯಾರನ್ ಈ ವಿಧಿಯನ್ನು ಓದಿಕೊಂಡೇ ಹೆಂಡತಿಗೊಬ್ಬ ಪ್ರಿಯಕರನನ್ನು ಹೊಂದಿಸಲು ಹೊರಡುತ್ತಾನೆ. ಹಾಗಾಗಿ ‘ಅಲ್ಲಿತಾಲಿಯಾನಾ’ ಅನ್ನುವುದು ದೇಶದ ವಿಳಾಸವಲ್ಲ, ದೇಶಕ್ಕೆ ಹೊಡೆದ ಚಾಟಿ: ನಮ್ಮಲ್ಲಿ ಇದು ನಡೆಯುವುದೇ ಹೀಗೆ, ನೋಡಿಕೊಳ್ಳಿ. ಆ ವಿಧಿ ರದ್ದಾದದ್ದು 1981ರಲ್ಲಿ. ಚಾಟಿಯ ಚುರುಕು ಇಲ್ಲದ ಚಿತ್ರಕ್ಕೆ ಈ ಹೆಸರು ಕೊಡುವುದು ದಂಡ.

ಈ ಪ್ರಕಾರಕ್ಕೆ ಒಂದು ಮುಖ ಬೇಕೆಂದರೆ ಅದು ನಟ ಅಲ್ಬೆರ್ತೊ ಸೋರ್ದಿಯದು. 1920ರಲ್ಲಿ ರೋಮಿನಲ್ಲಿ ಹುಟ್ಟಿದವನು, ಮೊದಲು ಹೆಸರು ಮಾಡಿದ್ದು ಲಾರೆಲ್–ಹಾರ್ಡಿ ಜೋಡಿಯ ಓಲಿವರ್ ಹಾರ್ಡಿಗೆ ಇಟಾಲಿಯನ್ ದನಿ ಕೊಟ್ಟು. ಅವನ ಪಾತ್ರಗಳು ಪುಕ್ಕಲು, ಬಾಲಬಡುಕ, ಸಮಯಸಾಧಕ. ಆದರೂ ಬೈಯಲು ಬಾಯಿ ಬರುವುದಿಲ್ಲ. ನಿರ್ದೇಶಕ ಮೊನಿಚೆಲ್ಲಿಯ ‘ಲಾ ಗ್ರಾಂದೆ ಗ್ವೆರ್ರಾ’ದಲ್ಲಿ (1959) ಯುದ್ಧದಿಂದ ನುಣುಚಿಕೊಳ್ಳುವುದೇ ಕಸುಬಾದ ಸೈನಿಕ ಕೊನೆಗೆ ಶತ್ರುವಿನ ಗುಂಡಿಗೆ ಸಾಯುತ್ತಾನೆ. ನಗು ಅಲ್ಲಿಗೆ ನಿಲ್ಲುತ್ತದೆ.

ದೀನೊ ರೀಸಿಯ ‘ಉನಾ ವೀತಾ ದಿಫೀಚಿಲೆ’ (1961) ನನಗೆ ಇನ್ನೂ ಇಷ್ಟ. 1946ರ ಜೂನ್, ರಾಜನೋ ಗಣರಾಜ್ಯವೋ ಎಂಬ ಜನಮತದ ಫಲಿತಾಂಶದ ಹೊತ್ತು. ಹಸಿದ ಪತ್ರಕರ್ತ ಸೋರ್ದಿ ಮತ್ತು ಹೆಂಡತಿ ರಾಜನಿಷ್ಠ ಶ್ರೀಮಂತರ ಮನೆಯ ಊಟಕ್ಕೆ ಕೂತಿದ್ದಾರೆ. ಕರೆದದ್ದು ಪ್ರೀತಿಯಿಂದಲ್ಲ, ಮೇಜಿನಲ್ಲಿ ಅಪಶಕುನದ 13 ಜನ ಆಗಬಾರದೆಂದು. ರೇಡಿಯೋದಲ್ಲಿ ಗಣರಾಜ್ಯ ಗೆದ್ದ ಸುದ್ದಿ ಬರುತ್ತದೆ. ಮನೆಯವರು ಒಬ್ಬೊಬ್ಬರಾಗಿ ಎದ್ದುಹೋಗುತ್ತಾರೆ. ಇವರಿಬ್ಬರು ಉಳಿದು ಹೊಟ್ಟೆತುಂಬ ಬಾರಿಸುತ್ತಾರೆ. ಗೆದ್ದದ್ದು ಆದರ್ಶವೋ ಹಸಿವೋ, ಚಿತ್ರ ಹೇಳುವುದಿಲ್ಲ. ಇದಕ್ಕೆ ‘ಡಾರ್ಕ್ ಕಾಮಿಡಿ’ ಅನ್ನುವ ರೆಡಿಮೇಡ್ ಪದ ಅಂಟಿಸಬೇಡಿ. ಇಲ್ಲಿ ಕತ್ತಲೆಗಿಂತ ನಾಚಿಕೆ ಹೆಚ್ಚು.

1966ರ ‘ಫೂಮೊ ದಿ ಲೋಂದ್ರಾ’ದಿಂದ ಸೋರ್ದಿ ನಿರ್ದೇಶನಕ್ಕೂ ಇಳಿದ. ಅವನ ಕೈಯಲ್ಲಿ ಕ್ಯಾಮೆರಾ ಸೋರ್ದಿಯನ್ನೇ ಹೆಚ್ಚು ಮೆಚ್ಚುತ್ತದೆ. ನಟಿ ಮೋನಿಕಾ ವಿತ್ತಿ ಜೊತೆಗಿನ ‘ಪೋಲ್ವೆರೆ ದಿ ಸ್ತೆಲ್ಲೆ’ಯನ್ನು (1973) ಬೇಕಾದರೆ ಈ ಮಾತಿನಿಂದ ಹೊರಗಿಡಿ. ಬೇರೆಯವರು ಹಿಡಿತಕ್ಕೆ ತೆಗೆದುಕೊಂಡಾಗಲೇ ಅವನು ಹರಿತ.

ಅದಕ್ಕೆ ಸಾಕ್ಷಿ ಮೊನಿಚೆಲ್ಲಿಯ 1977ರ ‘ಉನ್ ಬೊರ್ಗೇಜೆ ಪಿಕ್ಕೊಲೊ ಪಿಕ್ಕೊಲೊ’. ಮಗನಿಗೆ ಸರ್ಕಾರಿ ಕೆಲಸ ಕೊಡಿಸಲು ಮೇಲಧಿಕಾರಿಯ ಕಾಲು ಹಿಡಿದು, ಫ್ರೀಮೇಸನ್ನರೆಂಬ ಗುಟ್ಟಿನ ಸಂಘದ ಕೂಟವನ್ನೂ ಸೇರುವ ಗುಮಾಸ್ತನನ್ನು ನೋಡಿ ನಗುತ್ತಿರುತ್ತೇವೆ. ಪರೀಕ್ಷೆಯ ದಿನವೇ ದರೋಡೆಕೋರನ ಗುಂಡಿಗೆ ಮಗ ಬಲಿ. ಆಮೇಲೆ ಅಪ್ಪ ಕೊಲೆಗಾರನನ್ನು ಹಿಡಿದು ತಂದು ಹಿಂಸಿಸುತ್ತಾನೆ, ಅದೇ ಸೋರ್ದಿ ಮುಖದಲ್ಲಿ. ಹಲವು ವಿಮರ್ಶಕರು ಈ ಪ್ರಕಾರದ ಲೆಕ್ಕವನ್ನು ಇಲ್ಲಿಗೇ ಮುಗಿಸುತ್ತಾರೆ.