ಅನುದಾನ ಮುಗಿದ ಮರುದಿನ ಕಂಬ ಹತ್ತುವವರು ಯಾರು?

ಓದುಗರ ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಗುಡ್ಡದ ಮಗ್ಗುಲಿಗೆ ಚದುರಿರುವ ನಲವತ್ತಕ್ಕೂ ಹೆಚ್ಚು ಮನೆಗಳಿವೆ. ಸಿಗ್ನಲ್ ಬೇಕಾದರೆ ಇಂದಿಗೂ ಗುಡ್ಡದ ನೆತ್ತಿಗೆ ಹೋಗಬೇಕು. ಕಳೆದ ವರ್ಷ ಒಂದು ಸಂಘವನ್ನು ನೋಂದಾಯಿಸಿದ್ದೇವೆ. ಊರಿನವರೇ ಕಟ್ಟಿ ನಡೆಸುವ ಅಂತರ್ಜಾಲ ವ್ಯವಸ್ಥೆಗೆ ವಿದೇಶಿ ಪ್ರತಿಷ್ಠಾನಗಳು ಅನುದಾನ ಕೊಡುತ್ತವೆ ಎಂದು ಕೇಳಿದ್ದೇವೆ. ನಮ್ಮಂಥ ಚಿಕ್ಕ ಸಂಘ ಅರ್ಜಿ ಹಾಕಬಹುದೇ? ಏನು ಬರೆಯಬೇಕು?

ಹಾಕಬಹುದು. ಈ ಪ್ರಶ್ನೆ ಮಲೆನಾಡಿನಿಂದ ನನಗೆ ಮತ್ತೆ ಮತ್ತೆ ಬರುತ್ತದೆ. ಕೋವಿಡ್ ಕಾಲದಲ್ಲಿ ಮಕ್ಕಳು ಕೊಡೆ ಹಿಡಿದು ಗುಡ್ಡದ ಮೇಲೆ ಕೂತು ಪಾಠ ಕೇಳಿದ್ದನ್ನು ಕಂಡವರು ಈ ಪ್ರಶ್ನೆಯನ್ನು ಸುಮ್ಮನೆ ಕೇಳುವುದಿಲ್ಲ. ಆದ್ದರಿಂದ ಉತ್ತರವನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಹಣ ಕೊಡುವವರು ಇದ್ದಾರೆ. ಏಷ್ಯಾ ಪೆಸಿಫಿಕ್ ಪ್ರದೇಶದಲ್ಲಿ ಅಂತರ್ಜಾಲ ವಿಳಾಸಗಳನ್ನು ಹಂಚುವ ಎಪಿನಿಕ್ ಸಂಸ್ಥೆಗೆ ಸೇರಿದ ಎಪಿನಿಕ್ ಪ್ರತಿಷ್ಠಾನವು ‘ಐಸಿಫ್ ಏಷ್ಯಾ’ ಹೆಸರಿನಲ್ಲಿ ಅನುದಾನ ನೀಡುತ್ತದೆ. ಇಂಟರ್ನೆಟ್ ಸೊಸೈಟಿ ಹಾಗೂ ಅದರ ಪ್ರತಿಷ್ಠಾನ ಸಂಪರ್ಕವಿಲ್ಲದ ಊರುಗಳಿಗಾಗಿ ಬೇರೆ ಬೇರೆ ಯೋಜನೆಗಳನ್ನು ನಡೆಸಿವೆ. ದೆಹಲಿಯ ಡಿಜಿಟಲ್ ಎಂಪವರ್‌ಮೆಂಟ್ ಫೌಂಡೇಶನ್ 2010ರಲ್ಲಿ ಆರಂಭಿಸಿದ ‘ವೈರ್‌ಲೆಸ್ ಫಾರ್ ಕಮ್ಯುನಿಟೀಸ್’ ಕೂಡ ಇಂಟರ್ನೆಟ್ ಸೊಸೈಟಿಯ ಜೊತೆಗೂಡಿ ಹುಟ್ಟಿದ್ದು. ನಮ್ಮಲ್ಲೇ, ತುಮಕೂರಿನ ದೇವರಾಯನದುರ್ಗದ ಸುತ್ತಮುತ್ತ, ಬೆಂಗಳೂರಿನ ಜನಸ್ತು ಸಂಸ್ಥೆ ಸಮುದಾಯ ಮೆಶ್ ಜಾಲದ ಪ್ರಯೋಗ ಮಾಡಿದೆ. ಮೆಶ್ ಎಂದರೆ ಒಂದು ಮನೆಯ ವೈ-ಫೈ ಪೆಟ್ಟಿಗೆ ಪಕ್ಕದ ಮನೆಯ ಪೆಟ್ಟಿಗೆಗೆ, ಅದು ಮುಂದಿನದಕ್ಕೆ, ಹೀಗೆ ಮಾತು ದಾಟಿಸುವ ವ್ಯವಸ್ಥೆ. ಅರ್ಜಿ ಬರೆಯುವ ಮೊದಲು ಇಂಥ ಒಂದು ಕಡೆಗೆ ಹೋಗಿ ನೋಡಿ ಬನ್ನಿ. ನೂರು ಪುಟ ಓದುವುದಕ್ಕಿಂತ ಅರ್ಧ ದಿನ ಅಲ್ಲಿ ಕೂತರೆ ಹೆಚ್ಚು ತಿಳಿಯುತ್ತದೆ.

ಅರ್ಜಿ ಕರೆಯುವ ತಿಂಗಳು, ಮೊತ್ತ, ವಿಷಯ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಬದಲಾಗದೆ ಉಳಿಯುವುದು ಹಣ ನಿಮ್ಮ ಖಾತೆಗೆ ಬರುವ ದಾರಿ. ಅರ್ಜಿ ಮಂಜೂರಾದ ಮೇಲೂ ಎಷ್ಟೋ ಸಂಘಗಳು ಎಡವುವುದು ಇಲ್ಲೇ.

ವಿದೇಶದಿಂದ ಬರುವ ಅನುದಾನಕ್ಕೆ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಲ್ಲರ ಬಾಯಲ್ಲಿರುವ ಎಫ್‌ಸಿಆರ್‌ಎ, ಅನ್ವಯಿಸುತ್ತದೆ. ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಆ ಹಣವನ್ನು ಮುಟ್ಟುವಂತಿಲ್ಲ. ನೋಂದಣಿ ಬೇಕಾದರೆ ಸಂಘಕ್ಕೆ ಕನಿಷ್ಠ ಮೂರು ವರ್ಷ ತುಂಬಿರಬೇಕು. ಜೊತೆಗೆ ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಮುಖ್ಯ ಚಟುವಟಿಕೆಗಳಿಗೆ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ನಿಮ್ಮದು ಕಳೆದ ವರ್ಷ ಹುಟ್ಟಿದ ಸಂಘ. ಸದ್ಯಕ್ಕೆ ನೋಂದಣಿಯ ಮಾತು ಬಿಡಿ.

ನಿಮಗಿರುವುದು ಪೂರ್ವಾನುಮತಿ. ಇಂಥ ದಾನಿ, ಇಷ್ಟೇ ಮೊತ್ತ, ಇಂಥದ್ದೇ ಕೆಲಸ ಎಂದು ನಿರ್ದಿಷ್ಟವಾಗಿ ಹೇಳಿ ಆ ಒಂದು ಅನುದಾನಕ್ಕಾಗಿ ಮಾತ್ರ ಪಡೆಯುವ ಅನುಮತಿ ಇದು. ದಾನಿ ಸಂಸ್ಥೆಯಿಂದ ಹಣ ಕೊಡುವ ಬದ್ಧತೆಯ ಪತ್ರ ಬೇಕು, ಯೋಜನೆಯ ವಿವರ ಬೇಕು. ಹಣ ಬರುವ ಖಾತೆ ದೆಹಲಿಯ ಸಂಸದ್ ಮಾರ್ಗದಲ್ಲಿರುವ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯಲ್ಲೇ ಇರಬೇಕು. ಇದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಆದ್ದರಿಂದ ಅರ್ಜಿಯ ವೇಳಾಪಟ್ಟಿಯಲ್ಲಿ ಆ ತಿಂಗಳುಗಳನ್ನು ಮುಚ್ಚಿಡದೆ ತೋರಿಸಿ. ದಾನಿಗಳು ಭಾರತದ ಈ ನಿಯಮವನ್ನು ಬಲ್ಲರು. ನೀವೂ ಬಲ್ಲಿರಿ ಎಂದು ಅವರಿಗೆ ಗೊತ್ತಾದರೆ ನಂಬಿಕೆ ಹೆಚ್ಚುತ್ತದೆ.

ಎಫ್‌ಸಿಆರ್‌ಎ ಇರುವ ದೊಡ್ಡ ಸಂಸ್ಥೆಯ ಹೆಸರಿನಲ್ಲಿ ಹಣ ತರಿಸಿ ಆಮೇಲೆ ನಮ್ಮ ಖಾತೆಗೆ ಹಾಕಿಸಿಕೊಳ್ಳಬಹುದಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಆಗುವುದಿಲ್ಲ. 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆಯನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ವರ್ಗಾಯಿಸುವಂತೆಯೇ ಇಲ್ಲ. ಆದರೆ ಆ ಸಂಸ್ಥೆಯೇ ಅರ್ಜಿದಾರನಾಗಿ ನಿಮ್ಮ ಊರಿನಲ್ಲಿ ಯೋಜನೆ ನಡೆಸಬಹುದು. ಸಾಮಾನು ಅದರ ಲೆಕ್ಕದಲ್ಲಿ ಕೊಳ್ಳುತ್ತದೆ, ನಿಮ್ಮ ಊರಿನ ಹುಡುಗ ಹುಡುಗಿಯರಿಗೆ ಸಂಬಳವನ್ನು ಅದೇ ಕೊಡುತ್ತದೆ. ಹೊಸ ಸಂಘಕ್ಕೆ ನಾನು ಸಾಮಾನ್ಯವಾಗಿ ಸೂಚಿಸುವ ದಾರಿ ಇದು. ಯೋಜನೆ ಮುಗಿದಾಗ ಕಂಬ, ಪೆಟ್ಟಿಗೆ, ಬ್ಯಾಟರಿಗಳ ಗತಿ ಏನು, ತೀರ್ಮಾನ ಮಾಡುವವರು ಯಾರು ಎಂಬುದನ್ನು ಮಾತ್ರ ಮೊದಲ ದಿನವೇ ಕಾಗದದ ಮೇಲೆ ಬರೆದುಕೊಳ್ಳಿ. ಇನ್ನು, ಅನುದಾನವನ್ನು ಸಲಹಾ ಶುಲ್ಕವೆಂದು ಬಿಲ್ ಮಾಡಿ ತರಿಸಿಕೊಳ್ಳಿ ಎಂದು ಯಾರಾದರೂ ಹೇಳಿದರೆ ಆ ಮಾತನ್ನು ಅಲ್ಲಿಗೇ ನಿಲ್ಲಿಸಿ. ಪದಾಧಿಕಾರಿಗಳಾದ ನಿಮ್ಮ ಮೇಲೆಯೇ ಮೊಕದ್ದಮೆ ಬರಬಹುದು.

ದೇಶದೊಳಗಿನ ಹಣವೂ ಇದೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿಗೆ ಸಂಘವು ಆದಾಯ ತೆರಿಗೆಯ 12ಎ (ಸಂಘದ ಆದಾಯಕ್ಕೆ ವಿನಾಯಿತಿ) ಮತ್ತು 80ಜಿ (ದಾನ ಕೊಟ್ಟವರಿಗೆ ವಿನಾಯಿತಿ) ನೋಂದಣಿ ಮಾಡಿಸಿ, ಈ ನಿಧಿ ಪಡೆಯುವ ಸಂಸ್ಥೆಗಳು ಹೆಸರು ನೋಂದಾಯಿಸುವ ಸಿಎಸ್‌ಆರ್-1 ನಮೂನೆ ಸಲ್ಲಿಸಿರಬೇಕು. ಈ ಕೆಲಸವನ್ನು ಈ ವರ್ಷವೇ ಮುಗಿಸಿಕೊಳ್ಳಿ. ಯಾವ ದಾರಿ ಹಿಡಿದರೂ ಇದು ಉಪಯೋಗಕ್ಕೆ ಬರುತ್ತದೆ.

ಎರಡನೆಯದು ಪರವಾನಗಿ. ವೈ-ಫೈ ಬಳಸುವ ರೇಡಿಯೋ ತರಂಗಗಳಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ 2005ರಿಂದಲೂ, 5 ಗಿಗಾಹರ್ಟ್ಸ್ ಪಟ್ಟಿಯ ದೊಡ್ಡ ಭಾಗ 2018ರಿಂದಲೂ ನಮ್ಮಲ್ಲಿ ಪರವಾನಗಿಮುಕ್ತವಾಗಿವೆ. ನಿಗದಿತ ಶಕ್ತಿಯ ಮಿತಿಯೊಳಗೆ, ಅನುಮೋದಿತ ಉಪಕರಣಗಳಿಂದ ಮನೆಯಿಂದ ಮನೆಗೆ ಕೊಂಡಿ ಹಾಕಬಹುದು. ಆದರೆ ತರಂಗ ಬಳಸುವ ಸ್ವಾತಂತ್ರ್ಯ ಬೇರೆ, ಅಂತರ್ಜಾಲ ಮಾರುವ ಹಕ್ಕು ಬೇರೆ. ಒಂದು ಬ್ರಾಡ್‌ಬ್ಯಾಂಡ್ ಸಂಪರ್ಕ ತಂದು ನಲವತ್ತು ಮನೆಗೆ ಹಂಚಿ ತಿಂಗಳ ಹಣ ಪಡೆದರೆ ಅದು ಪರವಾನಗಿ ಬೇಕಾಗುವ ವ್ಯವಹಾರವಾಗುತ್ತದೆ. ಚಿಕ್ಕ ಊರಿಗೆ ಹಗುರವಾದ ದಾರಿ 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಎಂಬ ಸಾರ್ವಜನಿಕ ವೈ-ಫೈ ಯೋಜನೆ. ಅದರಲ್ಲಿ ಅಂಗಡಿಯವರೂ ಸಂಘದವರೂ ಸಾರ್ವಜನಿಕ ಡೇಟಾ ಕಚೇರಿ, ಅಂದರೆ ಪಿಡಿಒ (ಪಂಚಾಯಿತಿಯ ಪಿಡಿಒ ಅಲ್ಲ) ಆಗಬಹುದು. ಅದಕ್ಕೆ ಪರವಾನಗಿಯೂ ಬೇಡ, ನೋಂದಣಿ ಶುಲ್ಕವೂ ಇಲ್ಲ. ಲೆಕ್ಕ, ಲಾಗಿನ್‌ಗಳ ಕೆಲಸವನ್ನು ದೂರಸಂಪರ್ಕ ಇಲಾಖೆಯಲ್ಲಿ ನೋಂದಾಯಿಸಿಕೊಂಡ ಪಿಡಿಒಎ, ಅಂದರೆ ಹಲವು ಪಿಡಿಒಗಳನ್ನು ಒಟ್ಟುಗೂಡಿಸುವ ಸಂಸ್ಥೆ, ನೋಡಿಕೊಳ್ಳುತ್ತದೆ. ಅರ್ಜಿಯಲ್ಲಿ ಈ ಒಂದು ಪ್ಯಾರಾ ಇದ್ದರೆ ‘ಇವರ ಯೋಜನೆ ಕಾನೂನಿಗೆ ಒಪ್ಪುತ್ತದೆಯೇ’ ಎಂಬ ಪರಿಶೀಲಕರ ಅನುಮಾನ ಅಲ್ಲೇ ಕರಗುತ್ತದೆ.

ಈಗ ಅರ್ಜಿಯ ಒಳಗೆ ಬರೆಯುವುದರ ಬಗ್ಗೆ. ಬಹುತೇಕ ನಮೂನೆಗಳು ಇಂಗ್ಲಿಷಿನಲ್ಲಿರುತ್ತವೆ. ಆದರೆ ಮೊದಲು ಕನ್ನಡದಲ್ಲೇ ಬರೆಯಿರಿ, ಬರೆದದ್ದನ್ನು ಸಂಘದ ಸಭೆಯಲ್ಲಿ ಗಟ್ಟಿಯಾಗಿ ಓದಿ. ಹೀಗೆ ಹೇಳಲು ಕಾರಣವಿದೆ. ನನ್ನ ಕೈಗೆ ಬರುವ ಕರಡುಗಳಲ್ಲಿ ಹೆಚ್ಚಿನವು ‘ಗ್ರಾಮೀಣ ಭಾರತದ ಡಿಜಿಟಲ್ ಕಂದಕವನ್ನು ಮುಚ್ಚುವುದು’ ಎಂದು ಶುರುವಾಗುತ್ತವೆ. ಈ ವಾಕ್ಯವನ್ನು ಊರಿನ ಸಭೆಯಲ್ಲಿ ಓದಿದರೆ ಯಾರೂ ತಲೆ ಎತ್ತುವುದಿಲ್ಲ. ಅದೇ ಜಾಗದಲ್ಲಿ ಹೀಗೆ ಬರೆದು ನೋಡಿ: ‘ನಮ್ಮ 43 ಮನೆಗಳಲ್ಲಿ 31 ಮನೆಯೊಳಗೆ ಕರೆ ನಿಲ್ಲುವುದಿಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಹತ್ತದೆ ಜನ ಎರಡು ಮೂರು ಸಲ ಬರುತ್ತಾರೆ. ಆಶಾ ಕಾರ್ಯಕರ್ತೆ ವಿವರಗಳನ್ನು ಪುಸ್ತಕದಲ್ಲಿ ಬರೆದುಕೊಂಡು ಸಂಜೆ ಗುಡ್ಡ ಹತ್ತಿ ಮೊಬೈಲಿಗೆ ತುಂಬುತ್ತಾರೆ.’ ಈಗ ಸಭೆಯಲ್ಲಿ ಯಾರೋ ಒಬ್ಬರು ಎದ್ದು, 31 ಅಲ್ಲ, 33, ಮೇಲಿನಕೇರಿಯ ಎರಡು ಮನೆ ಬಿಟ್ಟಿದ್ದೀರಿ ಎನ್ನುತ್ತಾರೆ. ಆ ತಿದ್ದುಪಡಿಯಿಂದಲೇ ಅರ್ಜಿಗೆ ಜೀವ ಬರುತ್ತದೆ. ಇಲ್ಲಿ ನಾನು ಕೊಟ್ಟ ಸಂಖ್ಯೆಗಳು ಮಾದರಿಗೆ ಮಾತ್ರ. ನಿಮ್ಮವನ್ನು ನೀವು ಮನೆಮನೆಗೆ ಹೋಗಿ ಎಣಿಸಬೇಕು. ಎಣಿಸುವಾಗ ಮನೆಯ ಹೆಂಗಸರನ್ನು ಪ್ರತ್ಯೇಕವಾಗಿ ಕೇಳಿ. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇದ್ದರೆ ಅದು ಹಗಲು ಯಾರ ಜೇಬಿನಲ್ಲಿರುತ್ತದೆ ಎಂಬುದು ಅವರಿಗೇ ಚೆನ್ನಾಗಿ ಗೊತ್ತು.

ತಾಂತ್ರಿಕ ಭಾಗದಲ್ಲಿ ಮಲೆನಾಡಿಗೇ ವಿಶೇಷವಾದ ಎರಡು ಸಂಗತಿಗಳನ್ನು ಮರೆಯಬಾರದು. ಒಂದು ಮರ. 5.8 ಗಿಗಾಹರ್ಟ್ಸ್‌ನಲ್ಲಿ ಐದು ಕಿಲೋಮೀಟರ್ ದೂರದ ಕೊಂಡಿಗೆ ಎರಡೂ ತುದಿ ಕಣ್ಣಿಗೆ ಕಂಡರೆ ಸಾಲದು. ನಡುದಾರಿಯಲ್ಲಿ ಆ ದೃಷ್ಟಿರೇಖೆಯ ಸುತ್ತ ಸುಮಾರು ಎಂಟು ಮೀಟರ್ ತ್ರಿಜ್ಯದ ಜಾಗವನ್ನು ತರಂಗ ಬಳಸುತ್ತದೆ. ಆ ತ್ರಿಜ್ಯದಲ್ಲಿ ಶೇ 60ರಷ್ಟಾದರೂ ಖಾಲಿ ಇರಬೇಕು. ಅಡಕೆಯ ತಲೆ ಅಲ್ಲಿಗೆ ಬಂದರೆ, ಅದರಲ್ಲೂ ಮಳೆಯಲ್ಲಿ ಒದ್ದೆಯಾದ ಸೋಗೆ ಅಡ್ಡ ಬಂದರೆ, ಸಂಪರ್ಕ ಸೊರಗುತ್ತದೆ. ಮಾರ್ಚಿನಲ್ಲಿ ಸರ್ವೆ ಮಾಡಿ ಚೆನ್ನಾಗಿದೆ ಎಂದವರು ಜುಲೈಯಲ್ಲಿ ತಲೆ ಮೇಲೆ ಕೈ ಹೊತ್ತದ್ದನ್ನು ಕಂಡಿದ್ದೇನೆ. ಸರ್ವೆಯನ್ನು ಮಳೆಗಾಲದಲ್ಲಿ ಮಾಡಿ.

ಇನ್ನೊಂದು ಕರೆಂಟು. ಒಂದು ಕಂಬದ ಮೇಲಿನ ಉಪಕರಣಗಳೆಲ್ಲ ಸೇರಿ 12 ವ್ಯಾಟ್ ಎಂದಿಟ್ಟುಕೊಳ್ಳಿ. ದಿನಕ್ಕೆ 288 ವ್ಯಾಟ್-ಗಂಟೆ. ಮೋಡ ಕವಿದ ಮೂರು ದಿನಕ್ಕೆ 864. ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದೆಂದರೆ 12 ವೋಲ್ಟಿನ, ಸುಮಾರು 150 ಆಂಪಿಯರ್-ಗಂಟೆಯ ಬ್ಯಾಟರಿ ಬೇಕು. ನಿಮ್ಮ ಕಡೆ ಸೂರ್ಯ ವಾರವಿಡೀ ಮುಖ ತೋರಿಸದ ಆಷಾಢವೂ ಉಂಟು. ಆದ್ದರಿಂದ ಸೋಲಾರ್ ಒಂದನ್ನೇ ನಂಬದೆ, ಇದ್ದಷ್ಟು ಹೊತ್ತು ಕರೆಂಟಿನಿಂದಲೂ ತುಂಬಿಕೊಳ್ಳುವಂತೆ ಯೋಜಿಸಿ. ಸಿಡಿಲಿಗೆ ಅರ್ಥಿಂಗ್ ಮತ್ತು ಸರ್ಜ್ ರಕ್ಷಕಗಳ ಖರ್ಚನ್ನು ಬಜೆಟ್ಟಿನಲ್ಲಿ ಪ್ರತ್ಯೇಕ ಸಾಲಾಗಿ ಬರೆಯಿರಿ. ಹೊರಗಿನಿಂದ ಊರಿಗೆ ಸಂಪರ್ಕ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಮೊದಲು ಪಂಚಾಯಿತಿ ಕಚೇರಿಯಲ್ಲಿ ಭಾರತ್‌ನೆಟ್ (ಪಂಚಾಯಿತಿಗಳಿಗೆ ಫೈಬರ್ ಸಂಪರ್ಕ ಕೊಡುವ ಕೇಂದ್ರ ಯೋಜನೆ) ಪೆಟ್ಟಿಗೆಯ ದೀಪ ಉರಿಯುತ್ತಿದೆಯೇ ನೋಡಿ.

ಇಷ್ಟರ ನಂತರ ಉಳಿಯುವ ಪುಟವೇ ನನ್ನ ಮಟ್ಟಿಗೆ ಇಡೀ ಅರ್ಜಿ. ಕೆಲವು ವರ್ಷಗಳ ಹಿಂದೆ ಒಂದು ಊರಿಗೆ ಹೋಗಿದ್ದೆ. ಶಾಲೆಯ ಹೆಂಚಿನ ಮಾಡಿನ ಪಕ್ಕದಲ್ಲಿ ಒಳ್ಳೆಯ ಕಂಬ, ಒಳ್ಳೆಯ ಆಂಟೆನಾ. ಅನುದಾನದ ಫಲಕದ ಬಣ್ಣ ಇನ್ನೂ ಮಾಸಿರಲಿಲ್ಲ. ಬ್ಯಾಟರಿ ಸತ್ತು ಎಂಟು ತಿಂಗಳಾಗಿತ್ತು. ಹೊಸದಕ್ಕೆ ಹಣವೂ ಇರಲಿಲ್ಲ, ಕಂಬ ಹತ್ತಲು ಕಲಿತಿದ್ದ ಹುಡುಗ ಕೆಲಸ ಹುಡುಕಿಕೊಂಡು ಪೇಟೆಗೆ ಹೋಗಿದ್ದ. ಅಲ್ಲಿನ ಶಿಕ್ಷಕಿ ಆ ಕಂಬವನ್ನು ತೋರಿಸುವಾಗ ದೂರಿನ ಮಾತು ಒಂದೂ ಆಡಲಿಲ್ಲ. ಅದು ನನ್ನನ್ನು ಇನ್ನಷ್ಟು ನೋಯಿಸಿತು.

ಅದಕ್ಕಾಗಿ ಅನುದಾನ ಮುಗಿದ ಮರುತಿಂಗಳ ಲೆಕ್ಕವನ್ನು ಬರೆಯಿರಿ. ನಲವತ್ತು ಮನೆಯಿಂದ 150 ರೂಪಾಯಿಯಂತೆ ವೈ-ಫೈ ಬಳಕೆಯ ಕೂಪನ್ ಮಾರಾಟವಾದರೆ 6,000. ಹೊರಗಿನ ಸಂಪರ್ಕಕ್ಕೆ 2,500, ನೋಡಿಕೊಳ್ಳುವ ಇಬ್ಬರಿಗೆ ತಲಾ 1,500, ಬ್ಯಾಟರಿ ನಿಧಿಗೆ 1,000 ಎಂದರೆ 6,500. ತಿಂಗಳಿಗೆ 500 ಕಡಿಮೆ. ಆ 500 ಅನ್ನು ಬಚ್ಚಿಡಬೇಡಿ. ಅದನ್ನು ಯಾರು ತುಂಬುತ್ತಾರೆ ಎಂಬುದನ್ನು ಸಭೆಯಲ್ಲಿ ಕೇಳಿ: ಹಾಲಿನ ಸೊಸೈಟಿಯೇ, ದೇವಸ್ಥಾನದ ಸಮಿತಿಯೇ, ಅಂಗಡಿಯವರೇ? ಯಾರಾದರೂ ಒಪ್ಪಿದರೆ ಅವರ ಪತ್ರವನ್ನು ಅರ್ಜಿಗೆ ಲಗತ್ತಿಸಿ. ತರಬೇತಿಗೆ ಒಬ್ಬನನ್ನಲ್ಲ, ನಾಲ್ವರನ್ನು ಆರಿಸಿ. ಅದರಲ್ಲಿ ಇಬ್ಬರಾದರೂ ಊರು ಬಿಡುವ ಯೋಚನೆ ಇಲ್ಲದ ಹೆಂಗಸರಾಗಿರಲಿ. ವೈರಿಂಗ್, ರೂಟರ್ ಹೊಂದಿಸುವ ಕೆಲಸ ಅವರಿಗೆ ಕಷ್ಟ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ವಿದೇಶಿ ಹಣವಾದರೆ ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ ಎಂಬುದು ನೆನಪಿರಲಿ. ಯಾರ ಸಂಬಳ ಯೋಜನೆಯ ಕೆಲಸಕ್ಕೆ, ಯಾರದ್ದು ಕಚೇರಿ ಖರ್ಚಿಗೆ ಎಂಬುದನ್ನು ಒಬ್ಬ ಲೆಕ್ಕಪರಿಶೋಧಕರ ಬಳಿ ಮೊದಲೇ ಕೇಳಿಕೊಳ್ಳಿ.

ಮೊದಲ ಸಲವೇ ಅನುದಾನ ಸಿಗದಿರಬಹುದು. ತಿರಸ್ಕಾರದ ಪತ್ರ ಬಂದರೆ ಕಾರಣ ಕೇಳಿ ಮರುಪತ್ರ ಬರೆಯಿರಿ. ಕೆಲವು ಪ್ರತಿಷ್ಠಾನಗಳು ಪರಿಶೀಲಕರ ಟಿಪ್ಪಣಿ ಕಳುಹಿಸುತ್ತವೆ, ಮುಂದಿನ ಕರಡಿಗೆ ಅದಕ್ಕಿಂತ ಒಳ್ಳೆಯ ಆಧಾರವಿಲ್ಲ.

ನಿಮ್ಮ ಸಂಘಕ್ಕೆ ಈ ತಿಂಗಳ ಕೆಲಸ ಇಷ್ಟು: ಮನೆಮನೆಯ ಎಣಿಕೆ, ಪಂಚಾಯಿತಿಯ ಪೆಟ್ಟಿಗೆಯ ತಪಾಸಣೆ, 12ಎ ಅರ್ಜಿ, ಎಫ್‌ಸಿಆರ್‌ಎ ಇರುವ ಒಂದು ಸಂಸ್ಥೆಯ ಜೊತೆ ಮೊದಲ ಮಾತು. ಎಣಿಕೆ ಮುಗಿದ ಮೇಲೆ ಕನ್ನಡದ ಕರಡನ್ನು ನನಗೆ ಕಳುಹಿಸಿ. ಮರುತಿಂಗಳ ಲೆಕ್ಕದ ಪುಟವನ್ನು ಎಲ್ಲಕ್ಕಿಂತ ಮೇಲಿಡಿ, ನಾನು ಮೊದಲು ಓದುವುದು ಅದನ್ನೇ.