ತಂತಿ ಕೆನ್ನೆಗೆ ಚುಚ್ಚಿದ ರಾತ್ರಿ

ಪ್ರಶ್ನೆ: ಮಗಳಿಗೆ 14 ವರ್ಷ. ಹಲ್ಲಿಗೆ ಕ್ಲಿಪ್ ಹಾಕಿಸಿ ಎರಡು ತಿಂಗಳಾಯಿತು. ನಿನ್ನೆ ರಾತ್ರಿ ಹಿಂದುಗಡೆಯ ತಂತಿ ಕೆನ್ನೆಗೆ ಚುಚ್ಚಿ ಅಳುತ್ತಾ ಕೂತಳು. ಡಾಕ್ಟರು ಕೊಟ್ಟ ತಾರೀಖಿಗೆ ಇನ್ನೂ ಎರಡು ವಾರ ಇದೆ. ಇಂಥ ಹೊತ್ತಲ್ಲಿ ಎಮರ್ಜೆನ್ಸಿ ಎಂದು ಓಡಬೇಕೇ, ಮನೆಯಲ್ಲೇ ತಂತಿ ಕತ್ತರಿಸಬಹುದೇ? ನಾನೂ ಅಲೈನರ್ (ಹಲ್ಲಿಗೆ ತೊಡಿಸುವ ಪಾರದರ್ಶಕ ಪ್ಲಾಸ್ಟಿಕ್ ಟ್ರೇ) ಹಾಕಿಸಿಕೊಳ್ಳಬೇಕೆಂದಿದ್ದೇನೆ. ಅದರಲ್ಲಾದರೂ ಈ ಕಾಟ ಇರುವುದಿಲ್ಲವೇ?

ಉತ್ತರ: ಓಡಬೇಕಿಲ್ಲ. ಕತ್ತರಿಯನ್ನೂ ಸದ್ಯಕ್ಕೆ ಮುಟ್ಟಬೇಡಿ. ಮೊದಲು ಟಾರ್ಚ್ ಹಿಡಿದು ಬಾಯಿಯ ಎರಡೂ ಬದಿ ನೋಡಿ. ಚುಚ್ಚುತ್ತಿರುವುದು ಒಂದೇ ಕಡೆಯಾದರೂ ಎರಡೂ ಬದಿ ನೋಡಲೇಬೇಕು, ಯಾಕೆಂದು ಹೇಳುತ್ತೇನೆ.

ಚಿಕಿತ್ಸೆಯ ಮೊದಮೊದಲ ತಿಂಗಳುಗಳಲ್ಲಿ ಸಾಮಾನ್ಯವಾಗಿ ಹಾಕುವುದು ನಿಕ್ಕಲ್ ಮತ್ತು ಟೈಟಾನಿಯಂ ಬೆರೆತ ತೆಳು ತಂತಿ. ಮಹಾ ಹಠಮಾರಿ ಲೋಹ ಅದು. ಎಷ್ಟೇ ಬಗ್ಗಿಸಿದರೂ ತನ್ನ ಹಳೆಯ ಕಮಾನಿನ ಆಕಾರಕ್ಕೇ ಮರಳಲು ಹವಣಿಸುತ್ತದೆ. ಹಲ್ಲುಗಳು ಒಂದು ಒಳಗೆ ಒಂದು ಹೊರಗೆ ಇದ್ದಾಗ ತಂತಿ ಅವುಗಳ ನಡುವೆ ಡೊಂಕುಡೊಂಕಾಗಿ ಕೂತಿರುತ್ತದೆ. ಹಲ್ಲು ಸಾಲಿಗೆ ಬಂದಂತೆಲ್ಲ ಡೊಂಕು ನೆಟ್ಟಗಾಗುತ್ತದೆ. ಆ ಡೊಂಕಿನಲ್ಲಿ ಅಡಗಿದ್ದ ಉದ್ದ ಎಲ್ಲಾದರೂ ಹೋಗಬೇಕಲ್ಲ, ಕೊನೆಯ ದವಡೆಹಲ್ಲಿಗೆ ಅಂಟಿಸಿದ, ತಂತಿ ತೂರಿಸುವ ಪುಟ್ಟ ಕೊಳವೆಯಿಂದ ಹಿಂದಕ್ಕೆ ತಲೆ ಹಾಕುತ್ತದೆ. ಒಂದೆರಡು ಮಿಲಿಮೀಟರ್ ಸಾಕು, ಕೆನ್ನೆ ಗೀರಲು. ನಿಮ್ಮ ಮಗಳನ್ನು ಅಳಿಸಿದ್ದು ಇದೇ ಆಗಿದ್ದರೆ ತಂತಿ ಕೆಟ್ಟಿಲ್ಲ, ಹೇಳಿದ ಕೆಲಸ ಮಾಡುತ್ತಿದೆ.

ಇನ್ನೊಂದು ಸಾಧ್ಯತೆಯೂ ಇದೆ. ಇಡೀ ತಂತಿಯೇ ಒಂದು ಬದಿಗೆ, ಬಲಕ್ಕೆ ಎನ್ನಿ, ಜಾರಿರಬಹುದು. ಆಗ ಬಲಗಡೆ ತುದಿ ಉದ್ದವಾಗಿ ಚುಚ್ಚುತ್ತದೆ, ಎಡಗಡೆ ತುದಿ ಕೊಳವೆಯಿಂದಲೇ ಹೊರಬಿದ್ದಿರುತ್ತದೆ. ಇದನ್ನು ನೋಡದೆ ಬಲಗಡೆ ಕತ್ತರಿಸಿದಿರೋ, ತಂತಿ ಎರಡೂ ಕಡೆ ಗಿಡ್ಡವಾಗಿ ಕೆಲಸಕ್ಕೆ ಬಾರದಂತಾಗುತ್ತದೆ. ಎಡಗಡೆ ಖಾಲಿ ಕಂಡರೆ, ಸ್ಪಿರಿಟ್‌ನಲ್ಲಿ ಒರೆಸಿದ ಚಿಮಟದಿಂದ ತಂತಿಯನ್ನು ಮೆಲ್ಲಗೆ ಆ ಕಡೆಗೆ ಜರುಗಿಸಿ ನೋಡಬಹುದು. ಎಷ್ಟೋ ಸಲ ಅಷ್ಟರಲ್ಲೇ ಚುಚ್ಚುವುದು ನಿಲ್ಲುತ್ತದೆ. ಜರುಗದಿದ್ದರೆ ಒತ್ತಾಯ ಮಾಡಬೇಡಿ.

ರಾತ್ರಿ ಕಳೆಯಲು ಬೇಕಾದದ್ದು ಮೇಣ. ಬ್ರೇಸಸ್ (ಕ್ಲಿಪ್) ಹಾಕಿದ ದಿನವೇ ಪುಟ್ಟ ಡಬ್ಬಿಯಲ್ಲಿ ಕೊಟ್ಟಿರುತ್ತಾರೆ, ಬಹುಮಂದಿ ಅದನ್ನು ಎಲ್ಲಿಟ್ಟೆವೆಂದು ಮರೆತಿರುತ್ತಾರೆ. ಹುಡುಕಿ. ಮೇಣ ನಿಲ್ಲುವುದೇ ಇಲ್ಲ ಎಂದು ದೂರುವವರಲ್ಲಿ ಹೆಚ್ಚಿನವರು ಒದ್ದೆಯ ಮೇಲೆ ಹಚ್ಚಿರುತ್ತಾರೆ. ಕನ್ನಡಿಯ ಮುಂದೆ ನಿಲ್ಲಿಸಿ, ಚಮಚದ ಹಿಡಿಯಿಂದ ಕೆನ್ನೆಯನ್ನು ಹೊರಗೆ ಸರಿಸಿ, ಆ ಜಾಗದ ಜೊಲ್ಲನ್ನು ಹತ್ತಿಯಿಂದ ಪೂರ್ತಿ ಒರೆಸಿ. ಬಟಾಣಿ ಗಾತ್ರದ ಮೇಣವನ್ನು ಬೆರಳ ಬಿಸಿಗೆ ಮೆತ್ತಗಾಗುವವರೆಗೆ ಉಂಡೆ ಮಾಡಿ ತುದಿಯ ಮೇಲೆ ಒತ್ತಿ. ಬರೀ ತುದಿಗೆ ಅಂಟಿಸಿದರೆ ಉದುರುತ್ತದೆ. ಕೊಳವೆಯ ಸುತ್ತಲೂ ಅಪ್ಪಿಕೊಳ್ಳುವಂತೆ ತಟ್ಟಬೇಕು. ನಿದ್ದೆಯಲ್ಲಿ ನುಂಗಿದರೂ ಅಪಾಯವಿಲ್ಲ. ಕೆನ್ನೆಯಲ್ಲಿ ಆಗಲೇ ಹುಣ್ಣಾಗಿದ್ದರೆ ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ ದಿನಕ್ಕೆ ಮೂರು ನಾಲ್ಕು ಬಾರಿ ಮುಕ್ಕಳಿಸಲಿ.

ಕತ್ತರಿಸುವ ಮಾತಿಗೆ ಬರೋಣ. ಕ್ಲಿನಿಕ್‌ನಲ್ಲಿ ಇದಕ್ಕೆಂದೇ ಒಂದು ಕಟರ್ ಇರುತ್ತದೆ. ಅದು ತಂತಿಯನ್ನು ಕತ್ತರಿಸುವುದಷ್ಟೇ ಅಲ್ಲ, ತುಂಡಾದ ಚೂರನ್ನು ತನ್ನ ಬಾಯಲ್ಲೇ ಕಚ್ಚಿ ಹಿಡಿದುಕೊಳ್ಳುತ್ತದೆ. ಮನೆಯ ನೇಲ್ ಕಟರ್‌ಗೆ ಆ ಜಾಣತನ ಇಲ್ಲ. ಚೂರು ಚಿಮ್ಮಿ ಗಂಟಲಿಗೆ ಹೋಗುವುದೇ ನಿಜವಾದ ಭಯ. ಹತ್ತಿರದಲ್ಲಿ ಡಾಕ್ಟರೇ ಸಿಗದ ಕಡೆ ಇದ್ದು, ಮೇಣವೂ ಸಾಲದೆ ತಂತಿ ಮಾಂಸಕ್ಕೆ ಇಳಿಯುತ್ತಿದ್ದರೆ ಮಾತ್ರ ಕಡೆಯ ಉಪಾಯವಾಗಿ ಮಾಡಬಹುದು. ಮಗು ನೆಟ್ಟಗೆ ಕೂತಿರಬೇಕು, ಮಲಗಿರಬಾರದು. ಕಟರನ್ನು ಸ್ಪಿರಿಟ್‌ನಲ್ಲಿ ಒರೆಸಿ, ತುದಿಯ ಹಿಂದೆ ಮಡಿಸಿದ ಗಾಜ್ ಬಟ್ಟೆ (ಗಾಯಕ್ಕೆ ಕಟ್ಟುವ ತೆಳು ಬಟ್ಟೆ) ಒತ್ತಿಟ್ಟು, ಚೂರು ಅದರೊಳಗೇ ಬೀಳುವಂತೆ ನೋಡಿಕೊಳ್ಳಬೇಕು. ನಿಮ್ಮ ವಿಷಯದಲ್ಲಿ ಇಷ್ಟೆಲ್ಲ ಬೇಕಾಗದು. ಬೆಳಿಗ್ಗೆ ಫೋನ್ ಮಾಡಿ, ಎರಡು ವಾರ ಕಾಯಬೇಡಿ. ತಂತಿ ತುದಿ ತೆಗೆಯುವುದು ಐದು ನಿಮಿಷದ ಕೆಲಸ, ಅದಕ್ಕೆ ಮಧ್ಯದಲ್ಲೊಂದು ಜಾಗ ಮಾಡಿಕೊಡುತ್ತಾರೆ.

ಬ್ರ್ಯಾಕೆಟ್ (ತಂತಿ ಹಿಡಿಯಲು ಹಲ್ಲಿಗೆ ಅಂಟಿಸಿದ ಪುಟ್ಟ ಬಿಲ್ಲೆ) ಕಿತ್ತು ಬಂದಾಗಲೂ ಜನ ಹೀಗೇ ಗಾಬರಿಯಾಗುತ್ತಾರೆ. ಹಲ್ಲಿನಿಂದ ಬಿಟ್ಟರೂ ಅದು ತಂತಿಗೆ ರಬ್ಬರ್ ಉಂಗುರದಲ್ಲಿ ಸಿಕ್ಕಿಕೊಂಡಿರುತ್ತದೆ, ಮಣಿಯಂತೆ ಆಚೀಚೆ ಜಾರುತ್ತಿರುತ್ತದೆ. ತಿರುಗಿ ಕೆನ್ನೆಗೆ ತಾಗಿದರೆ ನೆಟ್ಟಗೆ ಮಾಡಿ ಮೇಣ ಹಚ್ಚಿ. ಪೂರ್ತಿ ಬಾಯಿಗೆ ಬಿದ್ದರೆ ಡಬ್ಬಿಯಲ್ಲಿಟ್ಟು ಡಾಕ್ಟರಿಗೆ ಕೊಡಿ. ಒಂದೆರಡು ದಿನ ತಡವಾದರೆ ನಷ್ಟವಿಲ್ಲ, ವಾರಗಟ್ಟಲೆ ಬಿಟ್ಟರೆ ಆ ಹಲ್ಲು ಮಾತ್ರ ಸಾಲಿನಿಂದ ಹಿಂದೆ ಬೀಳುತ್ತದೆ. ಆದರೆ ಮನೆಯಲ್ಲಿರುವ ಅಂಟಿನಿಂದ ಅಂಟಿಸಲು ಹೋಗಬೇಡಿ. ತಂತಿಗಿಂತ ನನಗೆ ಹೆಚ್ಚು ಭಯ ಈ ಅಂಟಿನದು. ಕೆಲವೇ ಸೆಕೆಂಡಿನಲ್ಲಿ ಹಿಡಿಯುವ ಆ ದ್ರವ ವಸಡನ್ನು ಸುಡಬಹುದು. ಬ್ರ್ಯಾಕೆಟ್ ಎಲ್ಲೋ ಓರೆಯಾಗಿ ಕೂತರೆ ಹಲ್ಲು ಆ ಓರೆಗೇ ತಿರುಗುತ್ತದೆ. ಆಮೇಲೆ ಆ ಅಂಟನ್ನು ಕೆರೆದು ತೆಗೆಯುವುದು ಹಲ್ಲಿನ ಡಾಕ್ಟರುಗಳಾದ ನಮ್ಮ ಪಾಡು.

ಹೊಸ ತಂತಿ ಹಾಕಿದ ಬಳಿಕದ ನೋವಿಗೂ ಫೋನ್‌ಗಳು ಬರುತ್ತವೆ. ಕೆಲವು ಗಂಟೆಗಳಲ್ಲಿ ಶುರುವಾಗಿ, ಮರುದಿನ ಹೆಚ್ಚಾಗಿ, ವಾರದೊಳಗೆ ಇಳಿಯುವುದು ಅದರ ರೂಢಿ. ಮೆತ್ತಗಿನ ಊಟ, ವಯಸ್ಸಿಗೆ ತಕ್ಕ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಸಾಕು. 16 ವರ್ಷದೊಳಗಿನವರಿಗೆ ಆಸ್ಪಿರಿನ್ ಬೇಡ. ಇದರಲ್ಲೊಂದು ಸ್ವಾರಸ್ಯವಿದೆ. ಆರಂಭದ ತಂತಿಗಳಲ್ಲಿ ಹಲವು ಬಾಯಿಯ ಬಿಸಿಗೆ ಬಿಗಿಯಾಗಿ ತಣ್ಣಗಾದರೆ ಮೆತ್ತಗಾಗುವಂಥವು. ತಣ್ಣೀರು ಗುಟುಕರಿಸಿದರೆ ಹಾಯೆನಿಸುವುದಕ್ಕೆ ಇದೂ ಒಂದು ಕಾರಣ, ಸ್ವಲ್ಪ ಹೊತ್ತು ತಂತಿಯೇ ಹಿಡಿತ ಸಡಿಲಿಸುತ್ತದೆ.

ಹಾಗಾದರೆ ರಾತ್ರೋರಾತ್ರಿ ಓಡಬೇಕಾದದ್ದು ಯಾವಾಗ? ಬ್ರ್ಯಾಕೆಟ್ಟೋ ತಂತಿ ಚೂರೋ ಗಂಟಲಿಗೆ ಜಾರಿ ಕೆಮ್ಮು, ಉಸಿರಾಟದಲ್ಲಿ ಸುಯ್ಯೆನ್ನುವ ಸದ್ದು ಬಂದರೆ. ಕೆಮ್ಮು ತಾನಾಗಿ ನಿಂತಿತೆಂದು ಸುಮ್ಮನಾಗಬೇಡಿ, ಚೂರು ಶ್ವಾಸನಾಳದಲ್ಲೇ ಉಳಿದಿರಬಹುದು, ಎಕ್ಸ್‌ರೇ ಬೇಕು. ಕೆಮ್ಮಿಲ್ಲದೆ ಹೊಟ್ಟೆಗಿಳಿದ ಬ್ರ್ಯಾಕೆಟ್ ಸಾಮಾನ್ಯವಾಗಿ ತಾನೇ ಹೊರಹೋಗುತ್ತದೆ, ಆದರೂ ಡಾಕ್ಟರಿಗೆ ತಿಳಿಸಿ. ಜ್ವರದ ಜೊತೆ ಮುಖ ಊದಿಕೊಂಡರೆ, ನುಂಗಲು ಕಷ್ಟವಾದರೆ, ಒತ್ತಿ ಹಿಡಿದರೂ ರಕ್ತ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಲೇಬೇಕು.

ಬಿದ್ದು ಹಲ್ಲಿಗೆ ಏಟಾದಾಗ ಒಂದೊಂದು ನಿಮಿಷವೂ ಲೆಕ್ಕ. ಶಾಶ್ವತ ಹಲ್ಲು ಬುಡಸಮೇತ ಉದುರಿದರೆ ಬೇರನ್ನು ಮುಟ್ಟದೆ, ಬಾಯಲ್ಲಿ ಕಾಣುವ ಬಿಳಿ ಭಾಗವನ್ನಷ್ಟೇ ಹಿಡಿದು, ಕೊಳೆಯಾಗಿದ್ದರೆ ಹಾಲಿನಲ್ಲಿ ಒಮ್ಮೆ ಅದ್ದಿ, ಅದರ ಗುಳಿಗೇ ಮರಳಿ ಕೂರಿಸಿ ಕರವಸ್ತ್ರ ಕಚ್ಚಿಸಿ. ಕೂರಿಸಲು ಧೈರ್ಯ ಬಾರದಿದ್ದರೆ ಹಾಲಿನಲ್ಲೇ ಹಾಕಿ ಒಯ್ಯಿರಿ, ನೀರಿನಲ್ಲಿ ಬೇಡ. ಒಂದು ಗಂಟೆಯೊಳಗೆ ತಲುಪಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಬ್ರೇಸಸ್ ಇದ್ದವರಲ್ಲಿ ಅಂಥ ಹಲ್ಲು ಕೆಲವೊಮ್ಮೆ ಕೆಳಗೆ ಬೀಳದೆ ತಂತಿಗೇ ಜೋತುಬಿದ್ದಿರುತ್ತದೆ. ಕಿತ್ತು ತೆಗೆಯಬೇಡಿ. ಹಾಲುಹಲ್ಲಾದರೆ ಮರಳಿ ಕೂರಿಸುವುದೇ ಇಲ್ಲ.

ಇನ್ನು ನಿಮ್ಮ ಅಲೈನರ್. ತಂತಿ ಇಲ್ಲವಾದ್ದರಿಂದ ಚುಚ್ಚುವ ಕಾಟ ಬಹುಪಾಲು ಇಲ್ಲ, ಅಂಚು ಒರಟಾಗಿ ನಾಲಗೆಗೆ ತಾಗಿದರೆ ಉಗುರಿನ ಫೈಲ್‌ನಿಂದ ನಾಲ್ಕು ಬಾರಿ ಉಜ್ಜಿದರೆ ಮುಗಿಯಿತು. ಹಲ್ಲಿನ ಮೇಲೆ ಅಂಟಿಸಿದ ಸಣ್ಣ ಗುಬುಟು ಉದುರಿದರೂ ಟ್ರೇ ಹಾಕಿಕೊಂಡೇ ಇದ್ದು, ಕ್ಲಿನಿಕ್‌ಗೆ ತಿಳಿಸಿದರಾಯಿತು. ಅಲೈನರ್‌ನ ಆಪತ್ತು ಬೇರೆ ಥರದ್ದು. ಅದು ನೋವಿಲ್ಲದೆ ಬರುತ್ತದೆ: ಟ್ರೇ ಕಳೆಯುತ್ತದೆ. ಊಟಕ್ಕೆ ಕೂತಾಗ ಟಿಶ್ಯೂನಲ್ಲಿ ಸುತ್ತಿಟ್ಟು, ತಟ್ಟೆಯ ಜೊತೆ ಕಸಕ್ಕೆ ಹೋಗುವುದು ನಾನು ಅತಿ ಹೆಚ್ಚು ಕೇಳಿರುವ ಕಥೆ. ನಾಯಿ ಸಾಕಿದವರ ಮನೆಯಲ್ಲಿ ನಾಯಿಯ ಪಾಲಾಗುತ್ತದೆ. ಬಿಸಿನೀರಿನಲ್ಲಿ ತೊಳೆದು ಸೊಟ್ಟಗೆ ಮಾಡಿಕೊಂಡವರೂ ಇದ್ದಾರೆ.

ದಿನಕ್ಕೆ 20ರಿಂದ 22 ಗಂಟೆ ಹಾಕಬೇಕಾದ ವಸ್ತು ಅದು. ಒಂದಾದ ಮೇಲೊಂದರಂತೆ ಬದಲಾಯಿಸುವ ಒಂದೊಂದು ಟ್ರೇ ಹಲ್ಲನ್ನು ಸರಿಸುವುದು ಸುಮಾರು ಕಾಲು ಮಿಲಿಮೀಟರ್. ನಾಲ್ಕೈದು ದಿನ ಬಾಯಿ ಖಾಲಿ ಬಿಟ್ಟರೆ ಹಲ್ಲು ವಾಪಸು ಹೊರಟೇ ಬಿಡುತ್ತದೆ, ಆಮೇಲೆ ಮುಂದಿನ ಟ್ರೇ ಕೂರುವುದಿಲ್ಲ. ಕಳೆದ ದಿನವೇ ಕ್ಲಿನಿಕ್‌ಗೆ ಫೋನ್ ಮಾಡಿ, ಎಷ್ಟನೇ ಟ್ರೇ, ಅದರ ಎಷ್ಟನೇ ದಿನ ಎಂದು ಹೇಳಿ. 14 ದಿನದ ಟ್ರೇ 11ನೇ ದಿನ ಕಳೆದಿದ್ದರೆ ಮುಂದಿನದಕ್ಕೆ ಹೋಗಿ ಎನ್ನಬಹುದು, 3ನೇ ದಿನವಾದರೆ ಹಿಂದಿನದಕ್ಕೆ ಮರಳಿ ಎನ್ನಬಹುದು. ಅವರು ಹೇಳುವವರೆಗೆ ಹಿಂದಿನದನ್ನೇ ಹಾಕಿಕೊಂಡು ಮಲಗಿ. ಹಿಂದಿನದು ಮನೆಯಲ್ಲಿ ಇದ್ದರೆ ತಾನೇ ಇದೆಲ್ಲ? ಹೊಸ ಟ್ರೇ ತೆರೆದ ಖುಷಿಗೆ ಹಳೆಯದನ್ನು ಎಸೆಯುವ ಅಭ್ಯಾಸ ಅನೇಕರಿಗಿದೆ. ಕಡೇಪಕ್ಷ ಹಿಂದಿನ ಎರಡನ್ನು ತೊಳೆದು, ಸಂಖ್ಯೆ ಬರೆದ ಕವರಿನಲ್ಲಿ, ಮಗಳ ಮೇಣದ ಡಬ್ಬಿಯ ಪಕ್ಕದಲ್ಲೇ ಇಟ್ಟುಕೊಳ್ಳಿ.